ಜೆ-ಪೌಚ್ ಇರುವವರಿಗೆ ಯಾವ ನೋವಿನ ಮಾತ್ರೆ ಆಗುತ್ತದೆ, ಯಾವುದು ಬೇಡ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನೋವಿನಲ್ಲಿರುವವರಿಗೆ ಉದ್ದ ಓದುವ ತಾಳ್ಮೆ ಇರುವುದಿಲ್ಲ. ಜೆ-ಪೌಚ್ (ದೊಡ್ಡ ಕರುಳು ತೆಗೆದ ಮೇಲೆ ಸಣ್ಣ ಕರುಳಿನಿಂದ ಮಾಡುವ ಚೀಲ) ಇರುವ ಹೆಚ್ಚಿನವರಿಗೆ ಮೊದಲ ಆಯ್ಕೆ ಬರೀ ಪ್ಯಾರಾಸಿಟಮಾಲ್. ಬ್ರೂಫೆನ್, ವೊವೆರಾನ್, ಜೀರೋಡಾಲ್, ಮೆಫ್ಟಾಲ್, ಕಾಂಬಿಫ್ಲಾಮ್ ಥರದ ಮಾತ್ರೆಗಳನ್ನು ನಾವಾಗಿಯೇ ಕೊಂಡು ನುಂಗಬಾರದು. ಇನ್ನು ಹೊಟ್ಟೆಯೇ ನೋಯುತ್ತಿದ್ದರೆ, ಯಾವ ಮಾತ್ರೆ ಅಂತ ಕೇಳುವ ಮುಂಚೆ ಯಾಕೆ ನೋಯುತ್ತಿದೆ ಅಂತ ಗೊತ್ತಾಗಬೇಕು. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಮೆಡಿಕಲ್ ಶಾಪ್ ಮುಂದೆ ನಿಂತಾಗ ವಿಷಯ ಇಷ್ಟು ಸುಲಭ ಇರುವುದಿಲ್ಲ. ಅದಕ್ಕೇ ಮುಂದಿನದ್ದು.

ನಾನು ಡಾಕ್ಟರ್ ಅಲ್ಲ, ಪೌಚ್ ಇಟ್ಟುಕೊಂಡು ಬದುಕುತ್ತಿರುವವನು. ಇದನ್ನು ಓದಿ ನಿಮ್ಮ ಗ್ಯಾಸ್ಟ್ರೋ ಡಾಕ್ಟರನ್ನು ನಾಲ್ಕು ಸರಿಯಾದ ಪ್ರಶ್ನೆ ಕೇಳಿದರೆ ನನ್ನ ಕೆಲಸ ಆದ ಹಾಗೆ.

ಮನೆಯವರು ಓದುತ್ತಿದ್ದರೆ ಅವರಿಗಾಗಿ ಎರಡು ಮಾತು. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಗೆ ಹುಣ್ಣಾಗುವ ಕಾಯಿಲೆ) ಔಷಧಿಗೆ ಬಗ್ಗದೇ ಹೋದಾಗ, ಅಥವಾ ಕರುಳಲ್ಲಿ ಗಂಟುಗಳೇಳುವ, ವಂಶದಲ್ಲಿ ಬರುವ ಪಾಲಿಪ್ ಕಾಯಿಲೆ ಇದ್ದಾಗ, ದೊಡ್ಡ ಕರುಳನ್ನೂ ಗುದನಾಳವನ್ನೂ ತೆಗೆಯುತ್ತಾರೆ. ಸಣ್ಣ ಕರುಳಿನ ಕೊನೆಯ ತುಂಡನ್ನು ಇಂಗ್ಲಿಷಿನ ಜೆ ಅಕ್ಷರದ ಹಾಗೆ ಮಡಚಿ, ಹೊಲಿದು, ಒಂದು ಚೀಲ ಮಾಡಿ ಗುದದ್ವಾರಕ್ಕೆ ಜೋಡಿಸುತ್ತಾರೆ. ಇಂಥ ಚೀಲ ಕಟ್ಟುವ ಸರ್ಜರಿಯನ್ನು 1978ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಮತ್ತು ನಿಕೋಲ್ಸ್ ವಿವರಿಸಿದರು. ಜೆ ಆಕಾರ 1980ರಲ್ಲಿ ಜಪಾನಿನ ಉತ್ಸುನೊಮಿಯಾ ಅವರಿಂದ ಬಂತು. ಪೌಚ್ ಇರುವವರು ದಿನಕ್ಕೆ ಐದಾರು ಸಲ ಟಾಯ್ಲೆಟ್‌ಗೆ ಹೋಗುವುದು ಮಾಮೂಲಿ, ಅದು ಕಾಯಿಲೆ ಅಲ್ಲ.

ಸಾಮಾನ್ಯ ಪೇನ್‌ಕಿಲ್ಲರ್ ನಮಗೆ ಯಾಕೆ ಒಗ್ಗುವುದಿಲ್ಲ

ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನೆಪ್ರಾಕ್ಸೆನ್, ಕೆಟೋರೊಲಾಕ್, ಮೆಫನಮಿಕ್ ಆಸಿಡ್, ನಿಮೆಸುಲೈಡ್, ಆಸ್ಪಿರಿನ್. ಇವೆಲ್ಲ ಒಂದೇ ಕುಟುಂಬ. ಡಾಕ್ಟರ್‌ಗಳು ಇದನ್ನು ಎನ್‌ಎಸ್‌ಎಐಡಿ ಅನ್ನುತ್ತಾರೆ. ನೋವು, ಊತ ತರುವ ಪ್ರೊಸ್ಟಗ್ಲಾಂಡಿನ್ ಅನ್ನುವ ಪದಾರ್ಥ ದೇಹದಲ್ಲಿ ತಯಾರಾಗುವುದನ್ನು ಇವು ತಡೆಯುತ್ತವೆ. ತೊಂದರೆ ಏನೆಂದರೆ, ಕರುಳಿನ ಒಳಪದರವನ್ನು ಕಾಯುವುದೂ ಅದೇ ಪ್ರೊಸ್ಟಗ್ಲಾಂಡಿನ್. ಅದು ಕಡಿಮೆಯಾದರೆ ಒಳಪದರ ತೆಳುವಾಗುತ್ತದೆ, ಹುಣ್ಣಾಗುತ್ತದೆ, ಕೆಲವೊಮ್ಮೆ ರಕ್ತ ಬರುತ್ತದೆ. ನಮ್ಮ ಚೀಲ ಇರುವುದೇ ಸಣ್ಣ ಕರುಳಿನಿಂದ. ಮಲ ನಿಲ್ಲುವ ಕೆಲಸಕ್ಕೆ ಆ ಜಾಗ ಹುಟ್ಟಿನಿಂದ ಬಂದದ್ದಲ್ಲ, ಹಾಗಾಗಿ ಅಲ್ಲಿ ಉರಿಯೂತ ಬೇಗ ಶುರುವಾಗುತ್ತದೆ. ಅದನ್ನೇ ಪೌಚೈಟಿಸ್ ಅನ್ನುವುದು. ಕೊಲೈಟಿಸ್‌ನಿಂದ ಪೌಚ್ ಮಾಡಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಸಲ ಬರುತ್ತದೆ. ಅಂಥ ಜಾಗದ ಮೇಲೆ ಈ ಮಾತ್ರೆಗಳು ಬೇರೆ.

ಎರಡನೇ ಕಾರಣವನ್ನು ಹೆಚ್ಚಿನವರು ಮರೆಯುತ್ತಾರೆ, ಅದು ಕಿಡ್ನಿ. ನೀರು, ಉಪ್ಪು ಹೀರಿಕೊಳ್ಳುತ್ತಿದ್ದ ದೊಡ್ಡ ಕರುಳು ನಮಗಿಲ್ಲ. ಒಂದು ದಿನ ಲೂಸ್ ಮೋಷನ್ ಜಾಸ್ತಿಯಾದರೂ ಮೈ ಬತ್ತಿಹೋಗುತ್ತದೆ. ಅಂಥ ಹೊತ್ತಿನಲ್ಲಿ ಕಿಡ್ನಿಗೆ ರಕ್ತ ಸರಿಯಾಗಿ ಹರಿಯಲು ಬೇಕಾದದ್ದೂ ಪ್ರೊಸ್ಟಗ್ಲಾಂಡಿನ್ನೇ. ಮೇ ತಿಂಗಳಲ್ಲಿ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಬಿಸಿಲಲ್ಲಿ ಓಡಾಡಿ, ನೀರು ಕಡಿಮೆ ಕುಡಿದು, ಸಂಜೆ ತಲೆನೋವಿಗೆ ಅಂತ ಎರಡು ಬ್ರೂಫೆನ್ ನುಂಗಿದರೆ ಪೌಚ್‌ಗಿಂತ ಮೊದಲು ಏಟು ಬೀಳುವುದು ಕಿಡ್ನಿಗೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆ ಎಲ್ಲರ ಬಾಯಲ್ಲೂ ಇದೆ. "ಗ್ಯಾಸ್ಟ್ರಿಕ್ ಮಾತ್ರೆ ಜೊತೆಗೆ ತಗೊಂಡ್ರೆ ಏನೂ ಆಗಲ್ಲ" ಅನ್ನುವುದು ಒಂದು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಕಾಯುವುದು ಹೊಟ್ಟೆಯನ್ನು, ಅದರ ಪಕ್ಕದ ಸ್ವಲ್ಪ ಕರುಳನ್ನು. ಅಲ್ಲಿಂದ ಮೀಟರ್‌ಗಟ್ಟಲೆ ಕೆಳಗಿರುವ ಪೌಚ್‌ಗೆ ಅದರಿಂದ ರಕ್ಷಣೆ ಇಲ್ಲ. ಇನ್ನೊಂದು, "ಇಂಜೆಕ್ಷನ್ ಆದರೆ ಹೊಟ್ಟೆಗೆ ಹೋಗಲ್ಲವಲ್ಲ" ಅನ್ನುವುದು. ಮಾತ್ರೆ ಕರುಳನ್ನು ಮುಟ್ಟುವುದರಿಂದ ಮಾತ್ರ ಹಾನಿ ಆಗುವುದಿಲ್ಲ, ರಕ್ತದ ಮೂಲಕವೂ ಆಗುತ್ತದೆ. ಸೊಂಟಕ್ಕೆ ಕೊಟ್ಟ ಡೈಕ್ಲೋಫೆನಾಕ್ ಸೂಜಿಯೂ ಕೊನೆಗೆ ಅಲ್ಲಿಗೇ ಹೋಗುತ್ತದೆ. ಗುದದಲ್ಲಿ ಇಡುವ ಡೈಕ್ಲೋಫೆನಾಕ್ ಸಪೊಸಿಟರಿ ಇನ್ನೂ ಕೆಟ್ಟದು, ಅದು ನೇರ ಚೀಲದೊಳಗೇ ಕರಗುತ್ತದೆ.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು. ಒಂದು ಮಾತ್ರೆ ತಿಂದ ಕೂಡಲೇ ಎಲ್ಲರಿಗೂ ಪೌಚೈಟಿಸ್ ಬರುವುದಿಲ್ಲ. ಗೊತ್ತಿಲ್ಲದೆ ಒಂದು ಕಾಂಬಿಫ್ಲಾಮ್ ನುಂಗಿದ್ದರೆ ಗಾಬರಿ ಬೇಡ. ಮುಂದಿನ ಡೋಸ್ ತಗೊಳ್ಳಬೇಡಿ, ನೀರು, ಓಆರ್‌ಎಸ್ ಚೆನ್ನಾಗಿ ಕುಡಿಯಿರಿ. ಮುಂದಿನ ಕೆಲವು ದಿನ ಮೋಷನ್ ಸಂಖ್ಯೆ ಏರಿದರೆ, ತಡೆಯಲಾಗದ ಅವಸರ ಶುರುವಾದರೆ, ರಕ್ತ ಕಂಡರೆ ಡಾಕ್ಟರ್‌ಗೆ ಹೇಳಿ. ಯಾವ ಮಾತ್ರೆ, ಎಷ್ಟು ತಗೊಂಡಿರಿ ಅನ್ನುವುದನ್ನೂ ಮುಚ್ಚಿಡದೆ ಹೇಳಿ. ವಾರಗಟ್ಟಲೆ ಮಂಡಿನೋವಿಗೆ ಈ ಮಾತ್ರೆ ನುಂಗುತ್ತಿದ್ದು, ಪೌಚೈಟಿಸ್ ಮತ್ತೆ ಮತ್ತೆ ಬರುತ್ತಿದೆ ಅಂತ ಒಂದರ ಮೇಲೊಂದು ಆ್ಯಂಟಿಬಯೋಟಿಕ್ ತಿನ್ನುವವರಿದ್ದಾರೆ. ಅವರಿಗೆ ಬೇಕಿರುವುದು ಇನ್ನೊಂದು ಕೋರ್ಸ್ ಅಲ್ಲ, ಆ ಮಾತ್ರೆ ನಿಲ್ಲಿಸುವುದು.

ಮೊದಲು ನೋವು ಎಲ್ಲಿ ಅಂತ ನೋಡಿ

ಹೊಟ್ಟೆಯ ನೋವನ್ನು ಉಳಿದ ನೋವಿನ ಜೊತೆ ಸೇರಿಸಬೇಡಿ. ಹೊಟ್ಟೆ ಬಿಗಿದು ಉಬ್ಬಿದೆ, ಬಿಟ್ಟು ಬಿಟ್ಟು ಹಿಂಡುವಂಥ ನೋವು, ವಾಂತಿ, ಗಾಳಿಯೂ ಹೋಗುತ್ತಿಲ್ಲ, ಮೋಷನ್ ನಿಂತಿದೆ. ಇದು ಕರುಳು ಕಟ್ಟಿಕೊಂಡ ಲಕ್ಷಣ. ಹಳೇ ಸರ್ಜರಿಯಿಂದ ಒಳಗೆ ಕರುಳು ಅಂಟಿಕೊಂಡಿದ್ದರಿಂದಲೋ, ಸರಿಯಾಗಿ ಅಗಿಯದೆ ನುಂಗಿದ ಹಲಸಿನ ತೊಳೆ, ಅಣಬೆ, ಕೊಬ್ಬರಿ ಚೂರಿನಿಂದಲೋ ಹೀಗಾಗುತ್ತದೆ. ಇಲ್ಲಿ ಟ್ರಮಡಾಲ್ ಥರದ ಬಲವಾದ ನೋವಿನ ಮಾತ್ರೆ ನುಂಗಿದರೆ ಕರುಳು ಇನ್ನಷ್ಟು ನಿಧಾನವಾಗುತ್ತದೆ. ಬಸ್ಕೋಪಾನ್ ಥರದ ಸೆಳೆತದ ಮಾತ್ರೆಯೂ ಹಾಗೇ. ಮನೆಯಲ್ಲಿ ಮಾತ್ರೆ ಹುಡುಕುತ್ತಾ ಕೂರದೆ ಆಸ್ಪತ್ರೆಗೆ ಹೊರಡಬೇಕು. ಜ್ವರದ ಜೊತೆ ಹೊಟ್ಟೆನೋವು, ಮಲದಲ್ಲಿ ಜಾಸ್ತಿ ರಕ್ತ ಇದ್ದರೂ ಇದೇ ಮಾತು.

ಪೌಚೈಟಿಸ್ ನೋವು ಬೇರೆ ಥರ. ಕೆಳಹೊಟ್ಟೆ ಹಿಡಿದಂತಾಗುತ್ತದೆ, ಓಡಬೇಕಾದಷ್ಟು ಅವಸರ, ರಾತ್ರಿ ನಾಲ್ಕೈದು ಸಲ ಏಳಬೇಕು. ಅದಕ್ಕೆ ಪೇನ್‌ಕಿಲ್ಲರ್ ಔಷಧಿಯೇ ಅಲ್ಲ. ಸಾಮಾನ್ಯವಾಗಿ ಸಿಪ್ರೊಫ್ಲಾಕ್ಸಸಿನ್ ಅಥವಾ ಮೆಟ್ರೋನಿಡಜೋಲ್ ಅನ್ನುವ ಆ್ಯಂಟಿಬಯೋಟಿಕ್ ಕೊಡುತ್ತಾರೆ, ಅದೂ ಡಾಕ್ಟರ್ ನೋಡಿದ ಮೇಲೆ. ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ಮತ್ತು ಹೊಟ್ಟೆಯ ಮೇಲೆ ಬಿಸಿನೀರಿನ ಬ್ಯಾಗ್ ಸಾಕು.

ಗುದದ ಸುತ್ತ ಉರಿಯಿದ್ದರೆ ಮಾತ್ರೆ ಬೇಕಾಗಿಯೇ ಇಲ್ಲ. ಒರೆಸಬೇಡಿ, ನೀರಲ್ಲಿ ತೊಳೆದು ಮೆತ್ತಗೆ ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಇರುವ ಕ್ರೀಮ್ ದಪ್ಪಗೆ ಹಚ್ಚಿ. ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಕೂತರೆ ಹಾಯೆನಿಸುತ್ತದೆ. ನಿನ್ನೆ ರಾತ್ರಿ ಮದುವೆ ಮನೆಯಲ್ಲಿ ಖಾರದ ಚಟ್ನಿ ಎಷ್ಟು ಹಾಕಿಸಿಕೊಂಡಿರಿ ಅಂತ ನಿಮಗೇ ಗೊತ್ತಿರುತ್ತದೆ, ಅಲ್ವಾ?

ಪ್ಯಾರಾಸಿಟಮಾಲ್: ಕೆಲಸ ಮಾಡಲ್ಲ ಅನ್ನುವ ಮುಂಚೆ

"ಅದು ಜ್ವರದ ಮಾತ್ರೆ, ನೋವಿಗೆ ಏನೂ ಸಾಲಲ್ಲ." ಪೌಚ್ ಇರುವವರಲ್ಲೂ ಇದೇ ಮಾತು. ಹಾಗೆ ಹೇಳುವವರನ್ನು ಎಷ್ಟು ತಗೊಂಡಿರಿ ಅಂತ ಕೇಳಿ ನೋಡಿ. ಬೆಳಿಗ್ಗೆ ಒಂದು 500, ನೋವು ತಡೆಯಲಾಗದಾಗ ರಾತ್ರಿ ಇನ್ನೊಂದು. ಅದು ಅರ್ಧಂಬರ್ಧ ಡೋಸ್. ಪ್ಯಾರಾಸಿಟಮಾಲ್ ಕೆಲಸ ಮಾಡುವುದು ಹೊತ್ತು ಹೊತ್ತಿಗೆ ತಗೊಂಡಾಗ. ನೋವು ಏರಿದ ಮೇಲೆ ಓಡಿಹೋಗಿ ನುಂಗಿದರೆ ಅದಕ್ಕೆ ಹಿಡಿತ ಸಿಗುವುದಿಲ್ಲ.

ಆರೋಗ್ಯವಾಗಿರುವ, 50 ಕೆಜಿಗಿಂತ ಜಾಸ್ತಿ ತೂಕದ ದೊಡ್ಡವರಿಗೆ ಒಂದು ಸಲಕ್ಕೆ 500ರಿಂದ 1000 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆ ಬಿಟ್ಟು, 24 ಗಂಟೆಯಲ್ಲಿ ಒಟ್ಟು 4000 ಮಿಲಿಗ್ರಾಂ ದಾಟಬಾರದು. ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಕಂಪನಿಯ ಡೋಲೋ 650 ನಮ್ಮ ಕಡೆ ಪ್ರತಿ ಮನೆಯಲ್ಲೂ ಇದೆ. ಅದನ್ನು ಆರು ಗಂಟೆಗೊಮ್ಮೆ ಒಂದರಂತೆ ತಗೊಂಡರೆ ದಿನಕ್ಕೆ 2600 ಆಗುತ್ತದೆ, ಮಿತಿಯಿಂದ ದೂರವೇ. ಹಲವರಿಗೆ ಇಷ್ಟೇ ಸಾಕಾಗುತ್ತದೆ.

ಆದರೆ ನಮ್ಮಲ್ಲಿ ತುಂಬಾ ಜನ ಸಣಕಲು. ಕಾಯಿಲೆಯಿಂದ, ಸರ್ಜರಿಯಿಂದ ತೂಕ ಇಳಿದವರು. 50 ಕೆಜಿಗಿಂತ ಕಡಿಮೆ ಇದ್ದರೆ, ಊಟ ಸೇರದೆ ಇದ್ದರೆ, ಕುಡಿಯುವ ಅಭ್ಯಾಸ ಇದ್ದರೆ ಮಿತಿ ಕಡಿಮೆ ಆಗುತ್ತದೆ. ಎಷ್ಟು ಅಂತ ಡಾಕ್ಟರ್ ಹೇಳಬೇಕು. ಕೊಲೈಟಿಸ್ ಜೊತೆಗೆ ಪಿಎಸ್‌ಸಿ ಅನ್ನುವ ಪಿತ್ತನಾಳದ ಕಾಯಿಲೆ ಕೆಲವರಿಗೆ ಇರುತ್ತದೆ. ಅಂಥವರು ಲಿವರ್ ಡಾಕ್ಟರನ್ನು ಕೇಳದೆ ದಿನಾ ಪ್ಯಾರಾಸಿಟಮಾಲ್ ತಿನ್ನಬಾರದು.

ಪೌಚ್ ಇರುವವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಪ್ಯಾರಾಸಿಟಮಾಲ್ ಸಣ್ಣ ಕರುಳಿನ ಮೇಲ್ಭಾಗದಲ್ಲೇ ರಕ್ತ ಸೇರುತ್ತದೆ. ಅದಕ್ಕೆ ದೊಡ್ಡ ಕರುಳು ಬೇಕಿಲ್ಲ. ಸಾದಾ ಮಾತ್ರೆ, ಸಿರಪ್, ನೀರಲ್ಲಿ ಕರಗುವ ಮಾತ್ರೆ, ಮೂರೂ ಚೆನ್ನಾಗಿ ಹಿಡಿಯುತ್ತವೆ. ಹೆಸರಿನ ಕೊನೆಯಲ್ಲಿ ಎಸ್‌ಆರ್, ಇಆರ್ ಅಂತ ಇದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ನಮ್ಮ ಕರುಳಲ್ಲಿ ಎಲ್ಲ ಬೇಗ ಸಾಗುವುದರಿಂದ ಅದು ಪೂರ್ತಿ ಕರಗುವ ಮುಂಚೆಯೇ ಹೊರಗೆ ಹೋಗಬಹುದು. ಮಲದಲ್ಲಿ ಇಡೀ ಮಾತ್ರೆ ಕಂಡರೆ ಡಾಕ್ಟರ್‌ಗೆ ಹೇಳಿ, ಸಾದಾ ಮಾತ್ರೆಗೆ ಬದಲಾಯಿಸಿಕೊಳ್ಳಿ. ಕೆಲವು ಮಾತ್ರೆಗಳ ಖಾಲಿ ಕವಚ ಮಾತ್ರ ಹೊರಬರುವುದೂ ಉಂಟು, ಅದರಲ್ಲಿ ತೊಂದರೆ ಇಲ್ಲ. ನಿಧಾನದ ಮಾತ್ರೆಯನ್ನು ಬೇಗ ಹಿಡಿಯಲಿ ಅಂತ ಪುಡಿ ಮಾಡಿ ಮಾತ್ರ ನುಂಗಬೇಡಿ.

ಸ್ಟ್ರಿಪ್‌ನ ಹಿಂಭಾಗ

ನನ್ನ ಪ್ರಕಾರ ನಮಗೆ ಅತಿ ದೊಡ್ಡ ಅಪಾಯ ಬ್ರೂಫೆನ್ ಅಲ್ಲ. ಅದು ಬೇಡ ಅಂತ ಪೌಚ್ ಇರುವ ಹಲವರಿಗೆ ಡಾಕ್ಟರ್ ಹೇಳಿರುತ್ತಾರೆ. ಅಪಾಯ ಇರುವುದು ಪ್ಯಾರಾಸಿಟಮಾಲ್ ಹೆಸರಿನಲ್ಲಿ ಒಳಗೆ ಬರುವ ಜೋಡಿ ಮಾತ್ರೆಗಳಲ್ಲಿ. ಕಾಂಬಿಫ್ಲಾಮ್‌ನಲ್ಲಿ 325 ಪ್ಯಾರಾಸಿಟಮಾಲ್ ಜೊತೆ 400 ಐಬುಪ್ರೊಫೆನ್ ಇದೆ. ಜೀರೋಡಾಲ್ ಪಿ ಅನ್ನುವುದರಲ್ಲಿ ಆ "ಪಿ" ಪ್ಯಾರಾಸಿಟಮಾಲ್, ಉಳಿದದ್ದು 100 ಮಿಲಿಗ್ರಾಂ ಅಸೆಕ್ಲೋಫೆನಾಕ್. "ಎಸ್‌ಪಿ" ಆದರೆ ಊತಕ್ಕೆ ಅಂತ ಸೆರಾಶಿಯೋಪೆಪ್ಟಿಡೇಸ್ ಕೂಡ ಸೇರುತ್ತದೆ. ಸಾರಿಡಾನ್‌ನಲ್ಲಿ ಪ್ಯಾರಾಸಿಟಮಾಲ್, ಕೆಫೀನ್ ಜೊತೆ ಪ್ರೊಪಿಫೆನಜೋನ್ ಅನ್ನುವ ಇನ್ನೊಂದು ನೋವಿನ ಔಷಧಿ ಇದೆ. ಡಿಸ್ಪ್ರಿನ್ ಅಂದರೆ ಆಸ್ಪಿರಿನ್.

ಒಂದೇ ಒಂದು ಅಕ್ಷರ ಎಷ್ಟು ವ್ಯತ್ಯಾಸ ಮಾಡುತ್ತದೆ ನೋಡಿ. ಡ್ರೋಟಿನ್ ಬರೀ ಸೆಳೆತದ ಮಾತ್ರೆ, ಅದರಲ್ಲಿ ಡ್ರೊಟಾವೆರಿನ್ ಇದೆ. ಡ್ರೋಟಿನ್ ಎಂ ಅಂದರೆ ಅದಕ್ಕೆ ಮೆಫನಮಿಕ್ ಆಸಿಡ್ ಸೇರಿದೆ. ಅಂಗಡಿಯಲ್ಲಿ ಎರಡೂ ಪಕ್ಕಪಕ್ಕದ ಡಬ್ಬದಲ್ಲಿ ಇರುತ್ತವೆ.

ಇದಕ್ಕೆ ನಮ್ಮ ಊರುಗಳ ಇನ್ನೊಂದು ಅಭ್ಯಾಸ ಸೇರುತ್ತದೆ. ಎರಡು ಮಾತ್ರೆ ಸಾಕು ಅಂದರೆ ಅಂಗಡಿಯವರು ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸಿ, ಸಣ್ಣ ಕಾಗದದ ಕವರಿಗೆ ಹಾಕಿ ಕೊಡುತ್ತಾರೆ. ಒಳಗೆ ಏನಿದೆ ಅಂತ ಬರೆದ ಸಾಲು ಉಳಿದ ಅರ್ಧದಲ್ಲಿ ಹೋಯಿತು. ನಮ್ಮ ಕೈಗೆ ಬಂದ ತುಂಡಿನಲ್ಲಿ "...ಡಾಲ್" ಅಂತ ಅರ್ಧ ಹೆಸರು, ಹಿಂದೆ ಕೆಂಪು ಗೆರೆ. ಹಾಗಾಗಿ ಪೌಚ್ ಇರುವವರು ಮಾತ್ರೆಯನ್ನು ಬಿಡಿಯಾಗಿ ಕೊಳ್ಳಲೇಬಾರದು ಅನ್ನುವುದು ನನ್ನ ಹಠ. ಹತ್ತಿಪ್ಪತ್ತು ರೂಪಾಯಿ ಜಾಸ್ತಿಯಾದರೂ ಇಡೀ ಸ್ಟ್ರಿಪ್ ಕೊಳ್ಳಿ. ಬೆಳಕಿಗೆ ಹಿಡಿದು ಒಳಗಿರುವ ಪದಾರ್ಥಗಳ ಸಾಲನ್ನು ಓದಿ. ಅಕ್ಷರ ತೀರಾ ಸಣ್ಣದಾದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. "ಅಣ್ಣಾ, ನೋವಿಗೊಂದು ಮಾತ್ರೆ ಕೊಡಿ" ಅಂದರೆ ಜೋಡಿ ಮಾತ್ರೆಯೇ ಸಿಗುತ್ತದೆ. "ಬರೀ ಪ್ಯಾರಾಸಿಟಮಾಲ್ ಕೊಡಿ, ಬೇರೆ ಏನೂ ಸೇರಿರಬಾರದು" ಅಂತ ಕೇಳಿ.

ಶೀತದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ನೆಗಡಿಗೆ ಸಿನಾರೆಸ್ಟ್, ಮೈಕೈ ನೋವಿಗೆ ಡೋಲೋ, ಮೇಲೆ ಅಲ್ಟ್ರಾಸೆಟ್ ಅಂತ ಮೂರೂ ತಗೊಂಡವರು ಪ್ಯಾರಾಸಿಟಮಾಲ್ ಮೂರು ಕಡೆಯಿಂದ ತಿಂದಿದ್ದಾರೆ. ಲೆಕ್ಕ ಕೂಡಿಸಿ ನೋಡಬೇಕು.

ಕಾಕ್ಸ್-2 ಮಾತ್ರೆಗಳು: ನಡುವಿನ ದಾರಿ, ಒಬ್ಬರೇ ಹೋಗುವಂಥದ್ದಲ್ಲ

ಸೆಲೆಕಾಕ್ಸಿಬ್, ಎಟೊರಿಕಾಕ್ಸಿಬ್ ಇವೇ ಕಾಕ್ಸ್-2 ಮಾತ್ರೆಗಳು. ಇವೂ ಬ್ರೂಫೆನ್ ಇರುವ ಅದೇ ಕುಟುಂಬದವು, ಆದರೆ ಕರುಳನ್ನು ಕಾಯುವ ಪ್ರೊಸ್ಟಗ್ಲಾಂಡಿನ್ ಮೇಲೆ ಇವುಗಳ ಕೈ ಕಡಿಮೆ ಬೀಳುತ್ತದೆ. ಕಾಯಿಲೆ ಹತೋಟಿಯಲ್ಲಿದ್ದ ಅಲ್ಸರೇಟಿವ್ ಕೊಲೈಟಿಸ್ ರೋಗಿಗಳಿಗೆ 14 ದಿನ ಸೆಲೆಕಾಕ್ಸಿಬ್ ಕೊಟ್ಟು ನೋಡಿದ ಒಂದು ಅಧ್ಯಯನ 2006ರಲ್ಲಿ ಬಂತು. ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ತಿಂದವರಿಗಿಂತ ಇವರಲ್ಲಿ ಕಾಯಿಲೆ ಜಾಸ್ತಿ ಮರುಕಳಿಸಲಿಲ್ಲ. ಇದನ್ನು ಓದಿ ಕುಣಿಯುವ ಮುಂಚೆ ಎರಡು ವಿಷಯ ನೆನಪಿರಲಿ. ಆ ಜನರಿಗೆ ದೊಡ್ಡ ಕರುಳಿತ್ತು, ಪೌಚ್ ಇರಲಿಲ್ಲ. ಮತ್ತು ಅದು ಬರೀ ಎರಡು ವಾರದ ಲೆಕ್ಕ.

ಕಿಡ್ನಿಯ ವಿಷಯದಲ್ಲಿ ಕಾಕ್ಸ್-2 ಮಾತ್ರೆ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಹೃದಯದ ಮಾತೂ ಇದೆ. ಇದೇ ಜಾತಿಯ ರೋಫೆಕಾಕ್ಸಿಬ್ ಅನ್ನು ಹಾರ್ಟ್ ಅಟ್ಯಾಕ್ ಅಪಾಯದಿಂದ 2004ರಲ್ಲಿ ಮಾರುಕಟ್ಟೆಯಿಂದ ವಾಪಸ್ ತೆಗೆದರು. ಎಟೊರಿಕಾಕ್ಸಿಬ್ ಬಿಪಿ ಏರಿಸುತ್ತದೆ, ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿಲ್ಲ. ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಬೆನ್ನುಮೂಳೆಯ ಕೀಲು ಹಿಡಿದುಕೊಂಡು ಬೆಳಿಗ್ಗೆ ಏಳಲಾಗದವರಿಗೆ ಗ್ಯಾಸ್ಟ್ರೋ ಡಾಕ್ಟರೂ ಕೀಲು ಡಾಕ್ಟರೂ ಮಾತಾಡಿಕೊಂಡು ಕೆಲವು ದಿನಕ್ಕೆ ಕೊಡುವುದುಂಟು. ಹಾಗೆ ಕೊಟ್ಟರೆ ತಗೊಳ್ಳಿ, ಯಾವಾಗ ನಿಲ್ಲಿಸಬೇಕು ಅಂತ ಅವತ್ತೇ ಕೇಳಿಕೊಳ್ಳಿ. ಸ್ನೇಹಿತರಿಗೆ ಒಗ್ಗಿತು ಅಂತ ನೀವೂ ಶುರು ಮಾಡಬೇಡಿ.

ಟ್ರಮಡಾಲ್ ಮತ್ತು ಅದರ ಬಳಗ

ಕರುಳಿನ ಒಳಪದರ ಕೆಡಿಸದ ಬಲವಾದ ಪೇನ್‌ಕಿಲ್ಲರ್ ಬೇಕೆಂದರೆ ಟ್ರಮಡಾಲ್ ಬರುತ್ತದೆ. ಅಲ್ಟ್ರಾಸೆಟ್‌ನಲ್ಲಿ 37.5 ಟ್ರಮಡಾಲ್, 325 ಪ್ಯಾರಾಸಿಟಮಾಲ್ ಇದೆ. ಸರ್ಜರಿ ಆದ ಮೇಲೆ, ಮೂಳೆ ಮುರಿದಾಗ, ನಾಲ್ಕೈದು ದಿನಕ್ಕೆ ಇದು ಒಳ್ಳೆಯ ಆಯ್ಕೆ. ಬ್ರೂಫೆನ್‌ಗೆ ಹೋಲಿಸಿದರೆ ಪೌಚ್‌ಗೆ ಇದು ಎಷ್ಟೋ ವಾಸಿ.

ಬೆಲೆ ಬೇರೆ ಕಡೆ ತೆರಬೇಕು. ತಲೆ ಸುತ್ತು, ವಾಕರಿಕೆ, ಮಂಪರು. ಇದು ಕರುಳನ್ನು ನಿಧಾನ ಮಾಡುತ್ತದೆ. ದಿನಕ್ಕೆ ಹತ್ತು ಸಲ ಓಡುವವರಿಗೆ ಅದು ಖುಷಿ ಅನ್ನಿಸಬಹುದು. ಆದರೆ ಮೊದಲೇ ಮೋಷನ್ ಕಡಿಮೆ ಮಾಡುವ ಲೋಪೆರಮೈಡ್ ತಗೊಳ್ಳುತ್ತಿರುವವರಿಗೆ ಎರಡೂ ಸೇರಿ ಕರುಳು ನಿಂತೇಹೋಗುವ ಅಪಾಯ ಇದೆ. ಖಿನ್ನತೆಗೆ, ಆತಂಕಕ್ಕೆ ಎಸಿಟಲೋಪ್ರಾಮ್ ಥರದ ಮಾತ್ರೆ ನಡೆಯುತ್ತಿದ್ದರೆ ಅದನ್ನು ಹೇಳಲೇಬೇಕು, ಜೊತೆಯಾಗಿ ತಗೊಂಡರೆ ಮೈನಡುಕ, ಗಾಬರಿ, ಜ್ವರ ಬರಬಹುದು. ಫಿಟ್ಸ್ ಇದ್ದವರಿಗೆ ಟ್ರಮಡಾಲ್ ಬೇಡ. ವಾರಗಟ್ಟಲೆ ತಿಂದರೆ ಅಭ್ಯಾಸವಾಗಿ ಅಂಟಿಕೊಳ್ಳುತ್ತದೆ. ಇದೇ ಕಾರಣಕ್ಕೆ 2018ರಲ್ಲಿ ಅದನ್ನು ಮಾದಕ ವಸ್ತುಗಳಿಗೆ ಸಂಬಂಧಿಸಿದ ಎನ್‌ಡಿಪಿಎಸ್ ಕಾಯ್ದೆಗೆ ಸೇರಿಸಿದರು, ಚೀಟಿ ಇಲ್ಲದೆ ಕೇಳಬಾರದು. ಹೊಟ್ಟೆನೋವಿಗೇ ತಿಂಗಳಾನುಗಟ್ಟಲೆ ಇಂಥ ಮಾತ್ರೆ ತಿಂದವರಲ್ಲಿ ಕೊನೆಗೆ ಮಾತ್ರೆಯಿಂದಲೇ ಹೊಟ್ಟೆನೋವು ಜಾಸ್ತಿಯಾಗುವುದೂ ಇದೆ.

ಹಚ್ಚುವ ಔಷಧಿ

ಡೈಕ್ಲೋಫೆನಾಕ್ ಜೆಲ್ ಹಚ್ಚಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಚರ್ಮಕ್ಕೆ ಹಚ್ಚಿದರೆ ರಕ್ತಕ್ಕೆ ಸೇರುವುದು ಮಾತ್ರೆ ನುಂಗಿದಾಗ ಸೇರುವುದರಲ್ಲಿ ನೂರಕ್ಕೆ ಆರು ಪಾಲಿನ ಆಸುಪಾಸು. ಹಾಗಾಗಿ ಒಂದು ಮಂಡಿಗೆ, ಉಳುಕಿದ ಕಣಕಾಲಿಗೆ, ಕೆಲವು ದಿನ ಹಚ್ಚಲು ಹೆಚ್ಚಿನ ಡಾಕ್ಟರ್‌ಗಳು ಒಪ್ಪುತ್ತಾರೆ. ಎರಡೂ ಮಂಡಿ, ಸೊಂಟ, ಭುಜ ಎಲ್ಲದಕ್ಕೂ ದಿನಕ್ಕೆ ನಾಲ್ಕು ಸಲ ಬಳಿದುಕೊಂಡರೆ ಆ ಆರು ಪಾಲೂ ದೊಡ್ಡದಾಗುತ್ತದೆ. ಹಚ್ಚಿದ ಮೇಲೆ ಬಿಸಿ ಶಾಖ ಕೊಡಬೇಡಿ, ಜಾಸ್ತಿ ಒಳಗೆ ಹೋಗುತ್ತದೆ. ಪೌಚೈಟಿಸ್ ನಡೆಯುತ್ತಿರುವಾಗ ನಾನು ಜೆಲ್ ಕೂಡ ಮುಟ್ಟುವುದಿಲ್ಲ. ಗಟ್ಟಿ ಘಮದ ನೋವಿನ ಬಾಮ್‌ಗಳಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಇರುವುದು ಸಾಮಾನ್ಯ, ಅದು ಆಸ್ಪಿರಿನ್‌ನ ಹತ್ತಿರದ ಬಂಧು. ಹಣೆಗೆ ಒಂದು ಚಿಟಿಕೆ ಹಚ್ಚಿಕೊಂಡರೆ ಚಿಂತೆ ಇಲ್ಲ, ಮೈಗೆಲ್ಲ ಉಜ್ಜಿಕೊಳ್ಳಬೇಡಿ.

ಬಿಸಿ ಶಾಖ, ಐಸ್, ಫಿಸಿಯೋಥೆರಪಿ ಇವೆಲ್ಲ ಕರುಳಿನ ತಂಟೆಗೆ ಹೋಗುವುದಿಲ್ಲ. ದೀರ್ಘಕಾಲದ ಸೊಂಟನೋವಿಗೆ ಫಿಸಿಯೋ ಮಾಡುವಷ್ಟು ಒಳ್ಳೆಯದನ್ನು ಮಾತ್ರೆ ಮಾಡುವುದಿಲ್ಲ. ಚುಚ್ಚುವ, ಉರಿಯುವ, ಜೋಮು ಹಿಡಿಯುವ ನರದ ನೋವಾದರೆ ಅಮಿಟ್ರಿಪ್ಟಿಲಿನ್, ಪ್ರೆಗಬಾಲಿನ್ ಕೊಡುತ್ತಾರೆ. ಅಮಿಟ್ರಿಪ್ಟಿಲಿನ್ ಮೋಷನ್ ಕೂಡ ಸ್ವಲ್ಪ ಕಡಿಮೆ ಮಾಡುತ್ತದೆ.

ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಕೀಲುನೋವಿನ ಪುಡಿ ಮಾತ್ರ ಮುಟ್ಟಬೇಡಿ. ಒಂದೇ ದಿನಕ್ಕೆ ನೋವು ಮಾಯ ಮಾಡುವ ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್, ಡೈಕ್ಲೋಫೆನಾಕ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ.

ಸಂದರ್ಭಕ್ಕೆ ತಕ್ಕ ಹಾಗೆ

ಮುಟ್ಟಿನ ನೋವು. ಅಂಗಡಿಯಲ್ಲಿ ಕೇಳಿದರೆ ಮೆಫ್ಟಾಲ್ ಸ್ಪಾಸ್ ಕೈಗೆ ಬರುತ್ತದೆ. "ಸ್ಪಾಸ್" ಅಂತ ಇರುವುದರಿಂದ ಬರೀ ಸೆಳೆತದ ಮಾತ್ರೆ ಅಂತ ತುಂಬಾ ಜನ ನಂಬಿದ್ದಾರೆ. ಅದರಲ್ಲಿ 250 ಮಿಲಿಗ್ರಾಂ ಮೆಫನಮಿಕ್ ಆಸಿಡ್ ಇದೆ. ಪೌಚ್ ಇಲ್ಲದವರಿಗೂ ಲೂಸ್ ಮೋಷನ್ ತರುವ ಪದಾರ್ಥ ಅದು. 2023ರ ಕೊನೆಯಲ್ಲಿ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಇದೇ ಮೆಫನಮಿಕ್ ಆಸಿಡ್ ಬಗ್ಗೆ ಎಚ್ಚರಿಕೆ ಕೊಟ್ಟಿತು, ಅದು ಡ್ರೆಸ್ ಅನ್ನುವ ತೀವ್ರ ಅಲರ್ಜಿ ವಿಷಯಕ್ಕೆ. ಇದರ ಬದಲು ಹೊತ್ತಿಗೆ ಸರಿಯಾಗಿ ಪ್ಯಾರಾಸಿಟಮಾಲ್, ಕೆಳಹೊಟ್ಟೆಗೆ ಬಿಸಿ ಶಾಖ, ಡಾಕ್ಟರ್ ಒಪ್ಪಿದರೆ ಡ್ರೊಟಾವೆರಿನ್ ಅಥವಾ ಬಸ್ಕೋಪಾನ್. ಪ್ರತಿ ತಿಂಗಳೂ ಹಾಸಿಗೆ ಹಿಡಿಯುವಷ್ಟಾದರೆ ಸ್ತ್ರೀರೋಗ ಡಾಕ್ಟರ್ ಹತ್ತಿರ ಹೋಗಿ, ಹಾರ್ಮೋನ್ ಚಿಕಿತ್ಸೆ ಇದೆ. ತಾಯಂದಿರು, ಅಕ್ಕಂದಿರು "ನಾವೆಲ್ಲ ತಡೆದುಕೊಂಡಿಲ್ವಾ" ಅಂತ ಸುಮ್ನೆ ಕೂರಿಸಬೇಡಿ.

ಹಲ್ಲುನೋವು. ಡೆಂಟಿಸ್ಟ್ ಬರೆಯುವುದು ಹೆಚ್ಚಾಗಿ ಕೆಟೋರೊಲಾಕ್ ಅಥವಾ ಅಸೆಕ್ಲೋಫೆನಾಕ್. ಕುರ್ಚಿಯಲ್ಲಿ ಬಾಯಿ ತೆರೆಯುವ ಮುಂಚೆಯೇ ಪೌಚ್ ವಿಷಯ ಹೇಳಿ. ಮರಗಟ್ಟುವ ಇಂಜೆಕ್ಷನ್‌ಗೆ ತೊಂದರೆ ಇಲ್ಲ. ಆಮೇಲೆ ಒಂದೆರಡು ದಿನ ಪೂರ್ತಿ ಡೋಸ್ ಪ್ಯಾರಾಸಿಟಮಾಲ್, ಸಾಲದಿದ್ದರೆ ಟ್ರಮಡಾಲ್ ಜೋಡಿ.

ಜ್ವರ, ಮೈಕೈ ನೋವು. ಮಳೆಗಾಲದಲ್ಲಿ ಡೆಂಗ್ಯೂ ಅಲ್ಲ ಅಂತ ಗೊತ್ತಾಗುವವರೆಗೆ ಎಲ್ಲರಿಗೂ ಪ್ಯಾರಾಸಿಟಮಾಲ್ ಮಾತ್ರ. ಇಲ್ಲಿ ನಾವೂ ಊರಿನ ಉಳಿದವರೂ ಒಂದೇ. ಚಿಕೂನ್‌ಗುನ್ಯಾ ಆದ ಮೇಲೆ ತಿಂಗಳುಗಟ್ಟಲೆ ಉಳಿಯುವ ಕೀಲುನೋವು ಬೇರೆ ಕಥೆ. ಅಲ್ಲಿ ನೋವಿನ ಮಾತ್ರೆ ಎಳೆಯುತ್ತಾ ಹೋಗದೆ ಕೀಲು ಡಾಕ್ಟರನ್ನು ನೋಡಬೇಕು. ಕೊಲೈಟಿಸ್ ಜೊತೆ ಬಂದ ಕೀಲುನೋವು ದೊಡ್ಡ ಕರುಳು ತೆಗೆದ ಮೇಲೂ ಕೆಲವರಿಗೆ ಉಳಿಯುತ್ತದೆ. ಅದಕ್ಕೂ ಮೂಲ ಚಿಕಿತ್ಸೆ ಬೇರೆಯೇ ಇದೆ, ಪೇನ್‌ಕಿಲ್ಲರ್ ಅಲ್ಲ.

ತಲೆನೋವು. ಮಾತ್ರೆಗೆ ಮುಂಚೆ ಒಂದು ಲೋಟ ಓಆರ್‌ಎಸ್ ಕುಡಿದು ಅರ್ಧ ಗಂಟೆ ನೋಡಿ. ನಮ್ಮ ತಲೆನೋವು ಹಲವು ಸಲ ನೀರಿಲ್ಲದ ತಲೆನೋವು.

ಕಿಡ್ನಿ ಸ್ಟೋನ್. ಇದನ್ನು ಕೊನೆಗೆ ಉಳಿಸಿದ್ದು ಇದೇ ಅತಿ ಕಷ್ಟದ್ದು ಅಂತ. ದೊಡ್ಡ ಕರುಳು ಇಲ್ಲದವರಿಗೆ ಮೂತ್ರ ಕಡಿಮೆ, ಗಟ್ಟಿ, ಹುಳಿ ಜಾಸ್ತಿ. ಯೂರಿಕ್ ಆಸಿಡ್ ಕಲ್ಲು ಬೇಗ ಕಟ್ಟುತ್ತದೆ. ಆ ನೋವಿಗೆ ಕ್ಯಾಶುವಾಲಿಟಿಯಲ್ಲಿ ಮೊದಲು ಕೊಡುವುದೇ ಡೈಕ್ಲೋಫೆನಾಕ್ ಸೂಜಿ. ಅವರ ತಪ್ಪಲ್ಲ, ಉಳಿದವರಿಗೆ ಅದು ಒಳ್ಳೆಯ ಔಷಧಿಯೇ. ಆದರೆ ನೋವಿನಲ್ಲಿ ಹೊರಳಾಡುವಾಗ ನಾವು ಪಾಠ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಪ್ಯಾರಾಸಿಟಮಾಲ್ ಅನ್ನು ಡ್ರಿಪ್‌ನಲ್ಲಿ ಕೊಡಬಹುದು, ಕಲ್ಲಿನ ನೋವಿಗೆ ಅದು ಚೆನ್ನಾಗಿಯೇ ಹಿಡಿಯುತ್ತದೆ. ಸಾಲದಿದ್ದರೆ ಟ್ರಮಡಾಲ್ ಅಥವಾ ಮಾರ್ಫಿನ್ ಜಾತಿಯ ಇಂಜೆಕ್ಷನ್ ಇದೆ. ಜೊತೆಗೆ ಬಂದವರು ಇದನ್ನು ಹೇಳಬೇಕು, ಹಾಗಾಗಿ ಅವರಿಗೆ ಮೊದಲೇ ಕಲಿಸಿಡಿ.

ಹೃದಯಕ್ಕೆ ಅಂತ ಇಕೋಸ್ಪ್ರಿನ್ 75 ತಗೊಳ್ಳುತ್ತಿರುವವರು ಇದನ್ನೆಲ್ಲ ಓದಿ ಅದನ್ನು ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್ ಹಠಾತ್ತಾಗಿ ಬಿಟ್ಟರೆ ಜೀವಕ್ಕೇ ಅಪಾಯ. ಹಾರ್ಟ್ ಡಾಕ್ಟರ್, ಗ್ಯಾಸ್ಟ್ರೋ ಡಾಕ್ಟರ್ ಇಬ್ಬರೂ ಸೇರಿ ತೀರ್ಮಾನ ಮಾಡಲಿ.

ಪರ್ಸಿನಲ್ಲಿ ಇಡುವ ಚೀಟಿ

ಒಂದು ಸಣ್ಣ ಕಾರ್ಡಿನಲ್ಲಿ ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷಿನಲ್ಲಿ ಹೀಗೆ ಬರೆದು ಲ್ಯಾಮಿನೇಟ್ ಮಾಡಿಸಿ:

"ನನ್ನ ದೊಡ್ಡ ಕರುಳು ತೆಗೆದಿದ್ದಾರೆ. ಜೆ-ಪೌಚ್ ಇದೆ. ಡೈಕ್ಲೋಫೆನಾಕ್, ಕೆಟೋರೊಲಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್, ಮೆಫನಮಿಕ್ ಆಸಿಡ್ ಬೇಡ, ಇಂಜೆಕ್ಷನ್ ಕೂಡ ಬೇಡ. ಪ್ಯಾರಾಸಿಟಮಾಲ್ ಆಗುತ್ತದೆ. ಬೇಗ ಡೀಹೈಡ್ರೇಟ್ ಆಗುತ್ತೇನೆ, ಡ್ರಿಪ್ ಬೇಕಾಗಬಹುದು. ಸರ್ಜನ್ ಕೇಳದೆ ಎನಿಮಾ, ಸಪೊಸಿಟರಿ, ಗುದದ ಟ್ಯೂಬ್ ಹಾಕಬೇಡಿ."

ಕೆಳಗೆ ನಿಮ್ಮ ಸರ್ಜನ್ ಅಥವಾ ಗ್ಯಾಸ್ಟ್ರೋ ಡಾಕ್ಟರ್ ಹೆಸರು, ಫೋನ್ ನಂಬರ್, ನೀವು ದಿನಾ ತಗೊಳ್ಳುವ ಮಾತ್ರೆಗಳ ಹೆಸರು, ಅಲರ್ಜಿ ಇದ್ದರೆ ಅದು. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಈ ಕಾರ್ಡನ್ನು ಅವರಿಗೆ ತೋರಿಸಿ, ನಿಮಗೆ ಹೊಂದದ ಸಾಲನ್ನು ಅವರ ಕೈಯಲ್ಲೇ ತಿದ್ದಿಸಿಕೊಳ್ಳಿ. ಅದರ ಫೋಟೋ ಮನೆಯವರ ಮೊಬೈಲ್‌ನಲ್ಲೂ ಇರಲಿ.